ದೊರೆಸಾನಿ ಕೈಲಿ ಏನಿತ್ತು?

ನುಗ್ಗೇಹಳ್ಳಿಯ ಅಜ್ಜಿ ಮನೆ ದಸರಾ ಗೊಂಬೆಗಳಲ್ಲಿ ಒಬ್ಬಳು ಪಿಂಗಾಣಿ ದೊರೆಸಾನಿ ಇದ್ದಾಳೆ. ಚಿಕ್ಕವಳಿದ್ದಾಗ ನಾನೇ ಬೀಳಿಸಿ ಅವಳ ಕೈ ಮುರಿದೆ. ಬೈತಾರೆ ಅಂತ ಚೂರನ್ನು ಬಾವಿಗೆ ಎಸೆದೆ.

ಮೊನ್ನೆ ಫೋನಲ್ಲಿ 18ನೇ ಶತಮಾನದ ಇಂಗ್ಲೆಂಡಿನ ಪಿಂಗಾಣಿ ಗೊಂಬೆಗಳನ್ನು ನೋಡ್ತಿದ್ದೆ. ಚೆಲ್ಸಿ, ಬೋ, ಡರ್ಬಿ ಕಾರ್ಖಾನೆಗಳು ಋತುಗಳಿಗೆ ಮನುಷ್ಯರೂಪ ಕೊಟ್ಟಿದ್ದವು. ಹೂ ಹಿಡಿದವಳು ವಸಂತ, ಗೋಧಿ ತೆನೆ ಹಿಡಿದವಳು ಬೇಸಿಗೆ, ದ್ರಾಕ್ಷಿ ಇದ್ದರೆ ಶರತ್ಕಾಲ, ಬೆಂಕಿ ಕಾಯಿಸೋದು ಚಳಿಗಾಲ. ನಮ್ಮವಳು ಅಷ್ಟು ಹಳಬಳಲ್ಲ, ಆ ಮಾದರಿಯವಳಿರಬೇಕು. ಆದರೂ ಎದೆ ಧಸಕ್ಕೆಂದಿತು. ಕೈ ಜೊತೆ ಅವಳ ಹೆಸರನ್ನೂ ಬಾವಿಗೆ ಹಾಕಿದ್ದೆ!

ಅಜ್ಜಿಗೆ ಹೇಳಿಬಿಟ್ಟೆ. ಬೈಯಲಿಲ್ಲ. ನಮ್ಮೂರಿನ 1246ರ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಕರ್ಕೊಂಡು ಹೋದರು. ‘ಶಂಖ, ಚಕ್ರ, ಗದೆ, ಪದ್ಮ ಯಾವ ಯಾವ ಕೈಲಿದೆ ನೋಡಿಯೇ ಇವನು ಕೇಶವ, ಇವನು ಮಾಧವ ಅನ್ನೋದು’ ಅಂದರು.

‘ಕೈ ಮುರಿದಿದ್ರೆ?’

‘ಹೆಸರು ಹೇಳೋದು ಕಷ್ಟ. ಹಾಗಂತ ಗೋಡೆಯಿಂದ ಕಿತ್ತು ಹಾಕ್ತಾರೇನೇ?’

ಈ ದಸರಾಕ್ಕೂ ದೊರೆಸಾನಿ ಪಟ್ಟದ ಗೊಂಬೆ ಪಕ್ಕದಲ್ಲೇ.