ಕಡೂರಿನ ಓಟು, ಹಾಸನದ ಎಂಪಿ, ನಾಲ್ಕು ವರ್ಷದ ಕೇಸು

ಮೊನ್ನೆ ಕಡೂರಿನಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದಾಗ ಹಿರಿಯ ಹಾಜಿಯವರೊಬ್ಬರು ಕೇಳಿದರು: "ಉಸ್ತಾದರೇ, ನಮ್ಮ ಎಂಪಿಯ ಆಯ್ಕೆಯೇ ಅಸಿಂಧು ಅಂತ ಆವತ್ತು ಹೈಕೋರ್ಟ್ ಹೇಳ್ತಲ್ಲ, ಹಾಗಾದ್ರೆ ನಾವು ಹಾಕಿದ ಓಟು ಎಲ್ಲಿ ಹೋಯ್ತು?" ಅಜ್ಜಂಪುರದಿಂದ ಬಂದಿದ್ದ ಅವರ ಅಳಿಯ ನಕ್ಕುಬಿಟ್ಟರು. ತರೀಕೆರೆ, ಅಜ್ಜಂಪುರದವರು ಉಡುಪಿ-ಚಿಕ್ಕಮಗಳೂರು ಕ್ಷೇತ್ರಕ್ಕೆ ಓಟು ಹಾಕುವವರು. ಅದೇ ಜಿಲ್ಲೆಯ ಕಡೂರಿನವರು ಹಾಸನ ಕ್ಷೇತ್ರಕ್ಕೆ. ಒಂದೇ ಮನೆತನ, ಎರಡು ಎಂಪಿ!

ಹಾಜಿಯವರ ಪ್ರಶ್ನೆ ಮಾತ್ರ ನಗುವಂಥದ್ದಲ್ಲ. 2019ರಲ್ಲಿ ಹಾಸನದಿಂದ ಪ್ರಜ್ವಲ್ ರೇವಣ್ಣ 1,41,324 ಮತಗಳ ಅಂತರದಲ್ಲಿ ಗೆದ್ದರು. ಸೋತ ಎ. ಮಂಜು ಹೈಕೋರ್ಟಿಗೆ ಹೋದರು. ಮತದಾರರಾಗಿ ವಕೀಲ ಜಿ. ದೇವರಾಜೇಗೌಡರೂ ಹೋದರು. ಹೌದು, ಇದಕ್ಕೆ ಅಭ್ಯರ್ಥಿಯೇ ಆಗಬೇಕೆಂದಿಲ್ಲ. ಆ ಕ್ಷೇತ್ರದ ಮತದಾರ ಯಾರೇ ಆದರೂ ಫಲಿತಾಂಶದ 45 ದಿನದೊಳಗೆ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬಹುದು. 2,000 ರೂಪಾಯಿ ಠೇವಣಿ ಇಡಬೇಕು, ಅಷ್ಟೆ. ವಕೀಲರ ಫೀಸು ಬೇರೆ ವಿಷಯ!

1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಇಂಥ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ನ್ಯಾಯಾಲಯ ಪ್ರಯತ್ನಿಸಬೇಕು. ಇಲ್ಲಿ ಆದದ್ದೇನು? 2020ರ ಜನವರಿಯಲ್ಲಿ ಹೈಕೋರ್ಟ್ ಮಂಜು ಅವರ ಅರ್ಜಿಯನ್ನು ವಜಾ ಮಾಡಿತು, ಜೊತೆಗಿರಬೇಕಾದ ಫಾರ್ಮ್ 25ರ ಪ್ರಮಾಣಪತ್ರ ಇಲ್ಲವೆಂದು. ಅದು ಸರಿಪಡಿಸಬಹುದಾದ ಲೋಪ, ಕೇಸು ನಡೆಸಿ ಎಂದು ಸುಪ್ರೀಂ ಕೋರ್ಟ್ ಹೇಳುವಾಗ 2021ರ ಡಿಸೆಂಬರ್ ಬಂದಿತ್ತು. ಒಂದು ಕಾಗದಕ್ಕೆ ಎರಡು ವರ್ಷ ಹತ್ತಿರ ಹೋಯಿತು.

ಕೊನೆಗೆ 2023ರ ಸೆಪ್ಟೆಂಬರ್ 1ರಂದು ನ್ಯಾಯಮೂರ್ತಿ ಕೆ. ನಟರಾಜನ್ ಆಯ್ಕೆಯನ್ನು ಅಸಿಂಧುಗೊಳಿಸಿದರು. ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ಆಸ್ತಿಯ ವಿವರ ಪೂರ್ತಿ ಕೊಟ್ಟಿಲ್ಲ ಎಂಬುದು ಮುಖ್ಯ ಕಾರಣ. ಹಾಗಂತ ಮಂಜು ಅವರನ್ನು ಗೆದ್ದವರೆಂದು ಘೋಷಿಸಲೂ ಇಲ್ಲ. ಅಷ್ಟರಲ್ಲಿ ಮಂಜು ಅವರು ಪ್ರಜ್ವಲ್ ಅವರದ್ದೇ ಪಕ್ಷ ಜೆಡಿಎಸ್ ಸೇರಿ ಅರಕಲಗೂಡಿನ ಶಾಸಕರಾಗಿದ್ದರು. ರಾಜಕೀಯದಲ್ಲಿ ಇದೆಲ್ಲ ಉಂಟು.

ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸದನಕ್ಕೆ ಹೋಗಬಹುದು, ಮತ ಹಾಕುವಂತಿಲ್ಲ, ಭತ್ಯೆ ಪಡೆಯುವಂತಿಲ್ಲ ಎಂಬ ಷರತ್ತಿನೊಂದಿಗೆ. ತಡೆ ಸಿಗದಿದ್ದರೂ ಕಡೂರಿನವರಿಗೆ ಹೊಸ ಎಂಪಿ ಸಿಗುವುದು ಕಷ್ಟವಿತ್ತು. ಲೋಕಸಭೆಯ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಆರು ತಿಂಗಳಲ್ಲಿ ಉಪಚುನಾವಣೆ ಮಾಡಲೇಬೇಕೆಂಬ ನಿಯಮ ಅನ್ವಯಿಸುವುದಿಲ್ಲ.

ವಿಳಂಬ ಹೊಸದಲ್ಲ. ರಾಯ್‌ಬರೇಲಿಯ 1971ರ ಚುನಾವಣೆಯ ಬಗ್ಗೆ ರಾಜ್ ನಾರಾಯಣ್ ಹಾಕಿದ ಅರ್ಜಿಗೆ ಅಲಹಾಬಾದ್ ಹೈಕೋರ್ಟ್ ತೀರ್ಪು ಕೊಟ್ಟದ್ದು 1975ರ ಜೂನ್ 12ಕ್ಕೆ. ಆಗಲೂ ನಾಲ್ಕು ವರ್ಷ. ಆ ತೀರ್ಪಿನಿಂದ ಆಯ್ಕೆ ಕಳಕೊಂಡ ಇಂದಿರಾ ಗಾಂಧಿಯವರೇ 1978ರಲ್ಲಿ ನಮ್ಮ ಚಿಕ್ಕಮಗಳೂರಿಗೆ ಬಂದು ಗೆದ್ದದ್ದು ಹಿರಿಯರಿಗೆಲ್ಲ ನೆನಪಿದೆ.

ಇಷ್ಟನ್ನೂ ಹೇಳಿ ಮುಗಿಸಿದೆವು. ಹಾಜಿಯವರು ಲೋಟ ಕೆಳಗಿಟ್ಟು, "ಆ ಆಸ್ತಿ ಕಾಗದ ನಮಗೂ ನೋಡ್ಲಿಕ್ಕೆ ಸಿಗ್ತದಾ?" ಅಂದರು. ಸಿಗ್ತದೆ, ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ, ಅದೂ ಮತದಾನಕ್ಕೆ ಮೊದಲೇ ಎಂದೆವು. ಅಳಿಯ ಆಗಲೇ ಮೊಬೈಲ್ ಹೊರಗೆ ತೆಗೆದಿದ್ದರು.