ಈ ಆನೆ ಯಾರ ಕೈಯಿಂದ ಬಂತು?

ನಮ್ಮ ಕುಷ್ಟಗಿ ಮನೆಯಲ್ಲಿ ಅಂಗೈಯಗಲದ ಕಿನ್ನಾಳದ ಆನೆ ಇದೆ. ಅಮೆರಿಕದಲ್ಲಿರೋ ತಮ್ಮ ಅದನ್ನು ಒಯ್ತೀನಿ ಅಂದಾಗ ಪ್ರಶ್ನೆ ಎದ್ದಿತು: ಇದು ಎಷ್ಟು ಹಳೇದು?

ಕೊಪ್ಪಳ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬಳಸಿ, ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರೆ. ನಮ್ಮ ಆನೆ ಮೇಲೆ ಹೆಸರೂ ಇಲ್ಲ, ಇಸವಿಯೂ ಇಲ್ಲ. ಇರೋದು ಅವ್ವನ ಮಾತೊಂದೇ: "ನಮ್ಮವ್ವ ಲಗ್ನ ಆಗಿ ಬರುವಾಗ ತವರಿನಿಂದ ತಂದದ್ದು."

1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ಕಲಾವಸ್ತು ಪುರಾವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಒಯ್ಯುವಂತಿಲ್ಲ. ಅಂದರೆ ಅಜ್ಜಿಯ ಲಗ್ನದ ಇಸವಿಯೇ ನಮಗೆ ಮೊದಲ ಸುಳಿವು.

ನಿಮ್ಮ ಮನೆಯಲ್ಲೂ ಹಳೇ ಗೊಂಬೆ ಇದ್ದರೆ ಹೊಸ ಬಣ್ಣ ಬಳಿಸಬೇಡಿ. ಯಾರು ತಂದರು, ಯಾರಿಗೆ ಕೊಟ್ಟರು ಅಂತ ಹಿರಿಯರನ್ನು ಕೇಳಿ, ಇವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.