ಇಬ್ಬರು ಗೆಳತಿಯರು, ಒಂದು ಬಾಡಿಗೆ ಮನೆ

ಮಗಳಿಗೆ ಬೆಂಗಳೂರಿನಲ್ಲಿ ನೌಕರಿ ದೊರೆತೊಡನೆ ನಾವು ಪೇಡೆ ಹಂಚುತ್ತೇವೆ. ಬಾಡಿಗೆಯ ಮಾತನ್ನು ಮಾತ್ರ ಕಡೆಗೆ ಉಳಿಸಿಕೊಳ್ಳುತ್ತೇವೆ. ನಮ್ಮ ಹಿರಿಯರು ಆ ನಗರಕ್ಕೆ ಹೋದರೆ ರೈಲು ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರದಲ್ಲಿ ಇಳಿಯುತ್ತಿದ್ದರು. ನೆಲೆ ನಿಂತು ದುಡಿಯುವವರಿಗಾದರೋ ಮನೆಯೇ ಬೇಕು. ಅದರ ಹೊರೆ ಹೊಸ ಸಂಬಳಕ್ಕೆ ಮೀರಿದ್ದಾದುದರಿಂದ ಗೆಳತಿಯೊಡನೆ ಕೂಡಿರುವುದು ವಿವೇಕವೇ ಸರಿ.

ಅಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಹಳೆಯದು. ಈಚೆಗೆ ಕೆಲವರು ಕಡಿಮೆಗೂ ಒಪ್ಪುತ್ತಾರೆ. ಬಾಡಿಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ಮುಂಗಡ 2 ಲಕ್ಷ, ತಲೆಗೆ 1 ಲಕ್ಷ. ಆರನೆಯ ತಿಂಗಳಲ್ಲಿ ಗೆಳತಿಗೆ ಮದುವೆ ಗೊತ್ತಾಯಿತೆನ್ನಿ. ಅವಳ ಲಕ್ಷವನ್ನು ಮರಳಿಸುವವರಾರು? ಮನೆ ಖಾಲಿಯಾಗದೆ ಒಡೆಯರು ಕೊಡಲೊಲ್ಲರು. ನಮ್ಮ ಮಗಳ ಕೈಯಲ್ಲಿ ಅಷ್ಟು ಹಣವಿಲ್ಲ. ಮೇಲಾಗಿ ಪೂರ್ತಿ ಬಾಡಿಗೆ ಅವಳ ಹೆಗಲಿಗೇ ಬೀಳುತ್ತದೆ.

ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯಿದೆಯಂತೆ ನೋಂದಣಿ ಕಡ್ಡಾಯವಾದುದರಿಂದ, ಕರಾರು ಪತ್ರಗಳು ಸಾಮಾನ್ಯವಾಗಿ 11 ತಿಂಗಳಿನವು. ಅದರಲ್ಲಿ ಇಬ್ಬರ ಹೆಸರೂ ಇರಲಿ. ಬಿಟ್ಟು ಹೋಗುವವಳು ಎರಡು ತಿಂಗಳು ಮೊದಲೇ ತಿಳಿಸಬೇಕು, ಬದಲಿಗೆ ಬರುವವಳಿಂದ ತನ್ನ ಪಾಲಿನ ಮುಂಗಡ ಪಡೆಯಬೇಕು ಎಂದು ಗೆಳತಿಯರಿಬ್ಬರೂ ಬೇರೊಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. ಸ್ನೇಹದಲ್ಲಿ ಕಾಗದವೇಕೆ ಎಂದು ತಾಯಂದಿರು ನೊಂದುಕೊಳ್ಳುವುದುಂಟು. ನಾವು ಒಪ್ಪುವುದಿಲ್ಲ.

ಇನ್ನು, ಬೆಳಗಿನ ಲಿಂಗಪೂಜೆಗೊಂದು ಮೂಲೆ, ಒಲೆಯ ಮೇಲೆ ಏನು ಬೇಯಬಹುದೆಂಬ ಮಾತು. ನಮ್ಮವಳೇ ಬೇಕೆಂದು ಹುಡುಕುತ್ತ ಕೂರುವುದಕ್ಕಿಂತ, ಇರುವವಳನ್ನು ಸಂಕೋಚವಿಲ್ಲದೆ ಕೇಳಿಬಿಡುವುದು ಲೇಸು. ಮುಂಗಡ ಕಟ್ಟುವ ಮೊದಲು ಒಂದು ಭಾನುವಾರ ಎರಡೂ ಮನೆಯವರು ಕೂತು ಇವನ್ನೆಲ್ಲ ಮಾತಾಡಿ ಮುಗಿಸಲಿ, ಹುಡುಗಿಯರೂ ಜೊತೆಗಿರಲಿ.